ಮತ್ತೊಮ್ಮೆ ಕೇಳಿದರೆ ಕೊಡಗು ಏನು ಹೇಳುತ್ತೆ?

ಪೋಸ್ಟು ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ, ಆಮೇಲೆ ಬೈಯೋರು ಬೈಯಿರಿ.

ನವೆಂಬರ್ ಒಂದು ಹತ್ತಿರ ಬಂತು ಅಂದ್ರೆ ಕೊಡಗಿನ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಹಳೇ ಜಗಳ ಎದ್ದು ಕೂರುತ್ತೆ. ಒಂದು ಕಡೆಯವರು "1956ರಲ್ಲಿ ನಮ್ಮನ್ನ ಕೇಳದೆ ಮೈಸೂರಿಗೆ ಸೇರಿಸಿಬಿಟ್ರು, ಇವತ್ತು ಓಟಿಗೆ ಹಾಕಿ ನೋಡಿ, ಜನ ಪ್ರತ್ಯೇಕ ರಾಜ್ಯವೇ ಬೇಕು ಅಂತಾರೆ" ಅಂತಾರೆ. ಇನ್ನೊಂದು ಕಡೆಯವರು "ಜನ 1952ರಲ್ಲೇ ತೀರ್ಪು ಕೊಟ್ಟಾಗಿದೆ, ಮುಗಿದ ಕಥೆ" ಅಂತಾರೆ. ಇಬ್ಬರೂ ಜನ, ಜನ ಅಂತಾರೆ. ಹೋದ ವಾರ ನಮ್ಮ ಹುಡುಗನೊಬ್ಬ ಕೇಳಿದ, "ಅಣ್ಣಾ, ನಿಜವಾಗ್ಲೂ ಇನ್ನೊಂದು ಸಲ ಓಟಿಟ್ರೆ ನಮ್ಮೋರು ಯಾವ ಕಡೆ ಹಾಕ್ತಾರೆ?" ನನಗೆ ತಕ್ಷಣ ಉತ್ತರ ಹೊಳೀಲಿಲ್ಲ. ಅವನಿಗೆ ಹೇಳಬೇಕು ಅಂದ್ಕೊಂಡಿದ್ದನ್ನ ಇಲ್ಲಿ ಬರೀತಿದ್ದೀನಿ.

ಮೊದಲು ಇತಿಹಾಸ. "ಕೊಡಗಿನ ಜನರ ಇಚ್ಛೆ" ಅನ್ನೋ ಮಾತು 1952ರಲ್ಲಿ ಹುಟ್ಟಿದ್ದಲ್ಲ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶ ಮಾಡಿಕೊಂಡಿತು. ಆ ವರ್ಷದ ಮೇ 7ರಂದು ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯಲ್ಲಿ, ಕೊಡಗಿನ ನಿವಾಸಿಗಳೆಲ್ಲ ಒಮ್ಮತದಿಂದ ಕಂಪನಿಯ ಆಶ್ರಯ ಬಯಸಿದ್ದಾರೆ, ಅದಕ್ಕೇ ಸೇರಿಸಿಕೊಂಡಿದ್ದೇವೆ ಅಂತ ಬರೆಸಿದರು. ಒಮ್ಮತ! ಫ್ರೇಸರ್ ಮಾತಾಡಿಸಿದ್ದು ಊರಿನ ಮುಖಂಡರನ್ನು. ಮೂರೇ ವರ್ಷಕ್ಕೆ, 1837ರಲ್ಲಿ, ಕಲ್ಯಾಣಸ್ವಾಮಿಯ ಹೆಸರಲ್ಲಿ ಅಮರ ಸುಳ್ಯದ ಕಡೆಯಿಂದ ಬಂಡಾಯ ಎದ್ದಿತು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೆ ಹಾಕಿದರು. ಒಮ್ಮತ ಎಷ್ಟು ಗಟ್ಟಿ ಇತ್ತು ಅಂತ ಅದರಲ್ಲೇ ಗೊತ್ತಾಗುತ್ತೆ.

ಆ "ನಿವಾಸಿಗಳೆಲ್ಲ" ಅನ್ನೋ ಲೆಕ್ಕದಲ್ಲಿ ನಮ್ಮವರು ಇದ್ದರಾ? ಪಾದ್ರಿ ರಿಕ್ಟರ್ 1870ರಲ್ಲಿ ಬರೆದ ಕೊಡಗಿನ ಕೈಪಿಡಿಯಲ್ಲಿ ಹೊಲೆಯರು, ಎರವರು ಜಮೀನಿನ ಜೊತೆ ಕಟ್ಟುಬಿದ್ದ ಆಳುಗಳಾಗಿದ್ದ ವಿವರ ಇದೆ. ಗದ್ದೆ ಕೈ ಬದಲಾದರೆ ಗದ್ದೆಯ ಜೊತೆ ಆಳೂ ಕೈ ಬದಲಾಗುತ್ತಿದ್ದ. ಗುಲಾಮಗಿರಿಗೆ ಕಾನೂನಿನ ಬೆಂಬಲ ಇಲ್ಲ ಅಂತ ಕಂಪನಿ ಕಾಯ್ದೆ ಮಾಡಿದ್ದು 1843ರಲ್ಲಿ. ಅಂದ್ರೆ 1834ರಲ್ಲಿ "ಒಮ್ಮತ" ಅಂತ ಬರೆಸುವಾಗ ನಮ್ಮ ಮುತ್ತಜ್ಜ ಮುತ್ತಜ್ಜಿಯರು ಒಪ್ಪಿಗೆ ಕೊಡೋರ ಪಟ್ಟಿಯಲ್ಲಿರಲಿಲ್ಲ, ಆಸ್ತಿಯ ಪಟ್ಟಿಯಲ್ಲಿದ್ದರು.

ಈಗ 1952ಕ್ಕೆ ಬರೋಣ. ಸ್ವಾತಂತ್ರ್ಯದ ನಂತರ ಕೊಡಗು ಒಂದು 'ಸಿ' ದರ್ಜೆಯ ರಾಜ್ಯವಾಗಿತ್ತು. 1951ರ ಜನಗಣತಿಯಲ್ಲಿ ಇಡೀ ರಾಜ್ಯದ ಜನಸಂಖ್ಯೆ 2,29,405. ಇವತ್ತು ಬೆಂಗಳೂರಿನ ಕೆಲವು ಬಡಾವಣೆ ಸೇರಿಸಿದರೆ ಅದಕ್ಕಿಂತ ಜಾಸ್ತಿ ಆದೀತು. ಆ ಪುಟ್ಟ ರಾಜ್ಯಕ್ಕೆ 24 ಸ್ಥಾನಗಳ ವಿಧಾನಸಭೆ. 1952ರ ಚುನಾವಣೆಯಲ್ಲಿ ಒಂದು ಕಡೆ ಸಿ.ಎಂ. ಪೂಣಚ್ಚನವರ ಕಾಂಗ್ರೆಸ್, ವಿಲೀನದ ಪರ. ಇನ್ನೊಂದು ಕಡೆ ಕೊಡಗಿನ ಗಾಂಧಿ ಅಂತ ಹೆಸರಾಗಿದ್ದ ಪಂದ್ಯಂಡ ಬೆಳ್ಯಪ್ಪನವರ ಗುಂಪು, ವಿಲೀನದ ವಿರುದ್ಧ. ಅವರ ಗುರುತು ತಕ್ಕಡಿ, ಅದಕ್ಕೇ ತಕ್ಕಡಿ ಪಾರ್ಟಿ. ಫಲಿತಾಂಶ: ಕಾಂಗ್ರೆಸ್ 15, ತಕ್ಕಡಿ 9. ಪೂಣಚ್ಚ ಮುಖ್ಯಮಂತ್ರಿಯಾದರು. 1953ರ ಕೊನೆಗೆ ನೇಮಕವಾದ ಫಜಲ್ ಅಲಿ ಆಯೋಗ 1955ರಲ್ಲಿ ವರದಿ ಕೊಟ್ಟು ಕೊಡಗು ಕನ್ನಡ ರಾಜ್ಯಕ್ಕೆ ಸೇರಲಿ ಅಂತು. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯದ ಒಂದು ಜಿಲ್ಲೆ ಆಯ್ತು.

ಇದನ್ನೇ ಒಂದು ಕಡೆಯವರು ಜನಮತಗಣನೆ ಅಂತಾರೆ. ಆದರೆ ಅದು ಜನಮತಗಣನೆ ಅಲ್ಲ, ಚುನಾವಣೆ. ವಿಲೀನ ಬೇಕಾ ಬೇಡವಾ ಅಂತ ಒಂದೇ ಒಂದು ಪ್ರಶ್ನೆ ಬರೆದ ಚೀಟಿ ಯಾರ ಕೈಗೂ ಕೊಟ್ಟಿರಲಿಲ್ಲ. ನೆಹರೂ ಕಾಂಗ್ರೆಸ್ಸು ಅಂತ ಹಾಕಿದವರು, ಅಭ್ಯರ್ಥಿ ಪರಿಚಯದವನು ಅಂತ ಹಾಕಿದವರು, ಹೇಳಿದ ಕಡೆ ಹಾಕಿದವರು, ಎಲ್ಲರ ಓಟೂ ಆ 15ರಲ್ಲೂ ಇದೆ, ಆ 9ರಲ್ಲೂ ಇದೆ.

ನಮ್ಮಜ್ಜಿಯ ಓಟೂ ಇದೆ.

ಅಜ್ಜಿಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ. ತೋಟದ ಲೈನ್‌ಮನೆಯಲ್ಲಿ ವಾಸ. ಹಿಂದಿನ ಸಂಜೆ ತೋಟದ ರೈಟರು ಬಂದು ಯಾವ ಪೆಟ್ಟಿಗೆಗೆ ಹಾಕಬೇಕು ಅಂತ ಹೇಳಿ ಹೋಗಿದ್ದರಂತೆ. ಬೆಳಿಗ್ಗೆ ಲಾರಿ ಬಂತು, ಗಂಡಸರು ಹೆಂಗಸರು ಎಲ್ಲ ಹತ್ತಿದರು. ಆಗ ಈಗಿನ ಥರ ಗುಂಡಿ ಒತ್ತೋದಲ್ಲ, ಮುದ್ರೆ ಹಾಕೋದೂ ಅಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿತ್ರ. ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರೋದು. ಕಾಂಗ್ರೆಸ್ಸಿನದು ಜೋಡೆತ್ತು.

ನಾನು ಕಾಲೇಜಿಗೆ ಹೋಗ್ತಿದ್ದಾಗ ಒಮ್ಮೆ ಕೇಳಿದೆ, "ಅಜ್ಜೀ, ನೀನು ಯಾವುದಕ್ಕೆ ಹಾಕ್ದೆ?" ಅಜ್ಜಿ ನಕ್ಕಿತು. "ರೈಟ್ರು ತಕ್ಕಡಿ ಅಂದಿದ್ರು. ಒಳಗೆ ಹೋದ್ರೆ ಯಾರೂ ಇಲ್ಲ, ನಾನೊಬ್ಳೇ. ತಕ್ಕಡಿ ನೋಡಿ ಅಂಗಡಿ ನೆನಪಾಯ್ತು. ವಾರವಾರ ಉಪ್ಪು, ಬೆಲ್ಲ, ಒಣಮೀನು ತೂಗಿ ಕಮ್ಮಿ ಕೊಡ್ತಿದ್ದಿದ್ದು ಅದೇ ತಕ್ಕಡಿ ತಾನೆ? ಎತ್ತು ಯಾರಿಗೂ ಮೋಸ ಮಾಡಿಲ್ಲ. ಎತ್ತಿಗೆ ಹಾಕ್ದೆ."

"ಮೈಸೂರಿಗೆ ಸೇರೋ ವಿಷಯ ಗೊತ್ತಿತ್ತಾ?" ಅಂದೆ.

"ಮೈಸೂರಿಗೆ ಯಾರು ಹೋಗಿದ್ರು?" ಅಂತು.

ಇದನ್ನ ನಾನು ತಮಾಷೆಗೆ ಹೇಳ್ತಿಲ್ಲ. ಬಾಬಾಸಾಹೇಬರು ಕೊಡಿಸಿದ ಒಂದು ಓಟಿನ ಬೆಲೆ ಏನು ಅನ್ನೋದು ಆ ಮಾತಲ್ಲಿದೆ. ಲೈನ್‌ಮನೆಯ ಹೆಂಗಸು ಜೀವನದಲ್ಲಿ ಮೊದಲ ಸಲ ಒಂದು ಕೋಣೆಯಲ್ಲಿ ಒಬ್ಬಳೇ ನಿಂತು, ರೈಟರ ಮಾತು ಮೀರಿ, ತನಗೆ ತಿಳಿದ ನ್ಯಾಯದ ಪ್ರಕಾರ ನಿರ್ಧಾರ ಮಾಡಿದಳು. ಆದರೆ ಅವಳು ನಿರ್ಧಾರ ಮಾಡಿದ್ದು ಅಂಗಡಿಯ ತೂಕದ ಬಗ್ಗೆ. ಅದನ್ನ ಎಣಿಸಿಕೊಂಡವರು ವಿಲೀನದ ಲೆಕ್ಕಕ್ಕೆ ಜಮಾ ಮಾಡಿಕೊಂಡರು. ಹಾಗಾದ್ರೆ ಎರಡನೇ ಸಲ ಕೇಳಿದ್ರೆ ನಮ್ಮಜ್ಜಿ ಮನಸ್ಸು ಬದಲಾಯಿಸ್ತಿದ್ಲಾ? ವಿಲೀನದ ಬಗ್ಗೆ ಅವಳ ಮನಸ್ಸನ್ನ ಮೊದಲನೇ ಸಲವೇ ಯಾರೂ ಕೇಳಿರಲಿಲ್ಲ. ಬದಲಾಗೋಕೆ ಏನಿತ್ತು?

ಚುನಾವಣೆ ಬೇರೆ, ಜನಮತಗಣನೆ ಬೇರೆ ಅನ್ನೋದು ನನ್ನ ಸ್ವಂತ ವಾದ ಅಲ್ಲ. ಪಕ್ಕದ ಗೋವಾ ನೋಡಿ. 1963ರ ಮೊದಲ ಚುನಾವಣೆಯಲ್ಲಿ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನುತ್ತಿದ್ದ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷ ಗೆದ್ದು ಬಾಂದೋಡ್ಕರ್ ಮುಖ್ಯಮಂತ್ರಿಯಾದರು. ಕೊಡಗಿನ ಲೆಕ್ಕ ಹಾಕಿದ್ರೆ ಅಲ್ಲಿಗೇ ವಿಷಯ ಮುಗೀಬೇಕಿತ್ತು. ಆದರೆ ಗೋವಾದ ಜನ ಪಟ್ಟು ಹಿಡಿದರು, ಪಾರ್ಲಿಮೆಂಟು ಅದಕ್ಕಂತಲೇ ಒಂದು ಕಾಯ್ದೆ ಮಾಡಿತು, ಮತದಾನ ನ್ಯಾಯವಾಗಿ ನಡೀಲಿ ಅಂತ ಬಾಂದೋಡ್ಕರ್ ಸರ್ಕಾರ ರಾಜೀನಾಮೆ ಕೊಟ್ಟಿತು. 1967ರ ಜನವರಿ 16ರಂದು ನೇರವಾಗಿ ಕೇಳಿದಾಗ ವಿಲೀನದ ಪರ 1,38,170, ವಿರುದ್ಧ 1,72,191. ವಿಲೀನ ಸೋತಿತು. ಇನ್ನೂ ಮಜಾ ಏನಂದ್ರೆ, ಅದಾಗಿ ಕೆಲವೇ ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಅದೇ ಬಾಂದೋಡ್ಕರ್ ಮತ್ತೆ ಗೆದ್ದರು! ಜನ ಹುಚ್ಚರಲ್ಲ. ಆಳೋಕೆ ಯಾರು ಬೇಕು ಅನ್ನೋದಕ್ಕೆ ಒಂದು ಉತ್ತರ, ಯಾವ ರಾಜ್ಯ ಬೇಕು ಅನ್ನೋದಕ್ಕೆ ಇನ್ನೊಂದು ಉತ್ತರ ಇಟ್ಟುಕೊಂಡಿದ್ದರು. ಕೇಳಿದ್ದಕ್ಕೆ ಉತ್ತರ ಕೊಟ್ಟರು.

ಹೊರದೇಶದ ಅನುಭವವೂ ಅದೇ. ಐರ್ಲೆಂಡಿನಲ್ಲಿ 2008ರಲ್ಲಿ ಯುರೋಪಿನ ಲಿಸ್ಬನ್ ಒಪ್ಪಂದವನ್ನು ನೂರಕ್ಕೆ 53 ಜನ ಬೇಡ ಅಂದರು. 2009ರಲ್ಲಿ ಮತ್ತೆ ಕೇಳಿದಾಗ ನೂರಕ್ಕೆ 67 ಜನ ಹೂಂ ಅಂದರು. ಮಧ್ಯೆ ಏನಾಯ್ತು? ನಿಮ್ಮ ದೇಶದ ತೆರಿಗೆ, ತಟಸ್ಥ ನೀತಿ ಮುಟ್ಟಲ್ಲ, ನಿಮ್ಮ ಕಮಿಷನರ್ ಸ್ಥಾನ ಉಳಿಯುತ್ತೆ ಅಂತ ಬರಹದಲ್ಲಿ ಭರವಸೆ ಕೊಟ್ಟರು. ಆರ್ಥಿಕ ಕುಸಿತವೂ ಬಂದಿತ್ತು. ಅಂದ್ರೆ ಷರತ್ತು ಬದಲಾಯ್ತು, ಕಾಲ ಬದಲಾಯ್ತು, ಉತ್ತರವೂ ಬದಲಾಯ್ತು. ಬ್ರಿಟನ್ನಿನಲ್ಲಿ 2016ರಲ್ಲಿ ನೂರಕ್ಕೆ 52 ಜನ ಯುರೋಪ್ ಒಕ್ಕೂಟ ಬಿಡೋಣ ಅಂದರು. ಎರಡನೇ ಸಲ ಕೇಳಿ ಅಂತ ಲಕ್ಷಾಂತರ ಜನ ಬೀದಿಗಿಳಿದರೂ ಕೇಳಲಿಲ್ಲ. ಕೇಳಿದ್ದರೆ ಏನಾಗ್ತಿತ್ತು ಅಂತ ಅಲ್ಲಿಯವರು ಇನ್ನೂ ಜಗಳ ಆಡ್ತಿದ್ದಾರೆ.

ಇನ್ನು ನಮ್ಮ ಚಳವಳಿಯವರು ಮರೆತಿರೋ ಒಂದು ಅಧ್ಯಾಯ. "ಒಂದು ಸಲ ಒಪ್ಪಿದ ಮೇಲೆ ಮುಗೀತು, ಮತ್ತೆ ಕೇಳೋದು ಏನು?" ಅನ್ನೋರಿಗೆ ಬಾಬಾಸಾಹೇಬರೇ ಉತ್ತರ. 1932ರ ಸೆಪ್ಟೆಂಬರ್. ಪ್ರತ್ಯೇಕ ಮತಕ್ಷೇತ್ರದ ವಿರುದ್ಧ ಗಾಂಧೀಜಿ ಯರವಾಡ ಜೈಲಲ್ಲಿ ಉಪವಾಸ ಕೂತಿದ್ದಾರೆ. ಇಡೀ ದೇಶ ಒಬ್ಬ ಮನುಷ್ಯನ ಮೇಲೆ ಒತ್ತಡ ಹಾಕ್ತಿದೆ. ಬಾಬಾಸಾಹೇಬರು ಮೀಸಲು ಸ್ಥಾನಗಳಿಗೆ ಬಗ್ಗಬೇಕಾಯ್ತು. ಆದರೆ ಆ ಮಾತುಕತೆಯಲ್ಲಿ ಅವರು ಬಿಡದೆ ಹಿಡಿದ ಒಂದು ಷರತ್ತು ಏನು ಗೊತ್ತಾ? ಈ ವ್ಯವಸ್ಥೆ ಮುಂದುವರೀಬೇಕಾ ಅಂತ ಹತ್ತು ವರ್ಷದ ಮೇಲೆ ಅಸ್ಪೃಶ್ಯರನ್ನೇ ಕೇಳಬೇಕು, ಅವರದ್ದೇ ಜನಮತಗಣನೆ ಆಗಬೇಕು. ಗಾಂಧೀಜಿ ಐದು ವರ್ಷ ಅಂದರು, ಅದಕ್ಕಿಂತ ಒಂದು ದಿನ ಜಾಸ್ತಿ ಇಲ್ಲ ಅಂದರು. ಹತ್ತಾ ಐದಾ ಅನ್ನೋ ಹಗ್ಗಜಗ್ಗಾಟದಲ್ಲಿ ಮಾತುಕತೆಯೇ ಮುರಿದು ಬೀಳೋದರಲ್ಲಿತ್ತು. ಕೊನೆಗೆ ಜನಮತಗಣನೆಯ ಮಾತೇ ಒಪ್ಪಂದದಿಂದ ಹೊರಗೆ ಹೋಯ್ತು. ಎರಡೂ ಕಡೆಯವರು ಪರಸ್ಪರ ಒಪ್ಪಿ ಬದಲಾಯಿಸುವ ತನಕ ಮೀಸಲು ಸ್ಥಾನ ಇರುತ್ತೆ ಅಂತ ಬರೆದುಕೊಂಡರು. ಸೆಪ್ಟೆಂಬರ್ 24ಕ್ಕೆ ಸಹಿ ಬಿತ್ತು. ಸ್ಥಾನಗಳು 71ರಿಂದ 148 ಆದವು, ನಿಜ. ಆದರೆ ನಮ್ಮನ್ನ ಎರಡನೇ ಸಲ ಕೇಳೋ ದಿನ ಬರಲೇ ಇಲ್ಲ.

ಹತ್ತು ವರ್ಷ ಯಾಕೆ ಕೇಳಿದರು? ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ಒತ್ತಡದಲ್ಲಿ ಕೊಟ್ಟ ಒಪ್ಪಿಗೆ ಪೂರ್ತಿ ಒಪ್ಪಿಗೆ ಅಲ್ಲ. ಕೊಟ್ಟ ಮಾತು ಉಳಿಸಿಕೊಂಡರಾ ಅಂತ ನೋಡೋಕೆ ಸಮಯ ಬೇಕು, ನಮ್ಮವರು ಹೆದರಿಕೆ ಇಲ್ಲದೆ ಉತ್ತರ ಕೊಡೋ ಮಟ್ಟಕ್ಕೆ ಬೆಳೆಯೋಕೂ ಸಮಯ ಬೇಕು. ಆದ್ದರಿಂದ ಮತ್ತೆ ಕೇಳಿ ಅನ್ನೋದು ದ್ರೋಹ ಅಲ್ಲ. ಪ್ರತ್ಯೇಕ ರಾಜ್ಯ ಕೇಳೋರನ್ನ ದೇಶದ್ರೋಹಿ, ನಾಡದ್ರೋಹಿ ಅಂತ ಬೈಯೋದು ತಪ್ಪು. ಕೇಳೋ ಹಕ್ಕು ಅವರಿಗಿದೆ.

ಅವರ ದೂರಿನಲ್ಲಿ ಸತ್ಯವೂ ಇದೆ. 1952ರಲ್ಲಿ 24 ಶಾಸಕರು ಮಡಿಕೇರಿಯಲ್ಲೇ ಕೂತು ಕೊಡಗಿನ ಬಗ್ಗೆ ಮಾತಾಡ್ತಿದ್ದರು. ಇವತ್ತು ಬೆಂಗಳೂರಿನ 224 ಜನರ ಸಭೆಯಲ್ಲಿ ಕೊಡಗಿನವರು ಇಬ್ಬರು. 2008ರ ಕ್ಷೇತ್ರ ಪುನರ್ವಿಂಗಡಣೆಗೆ ಮೊದಲು ಮೂವರಿದ್ದರು, ಅದರಲ್ಲಿ ವಿರಾಜಪೇಟೆ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. ಸೋಮವಾರಪೇಟೆ ಕ್ಷೇತ್ರವೇ ಹೋಯ್ತು, ವಿರಾಜಪೇಟೆಯ ಮೀಸಲಾತಿಯೂ ಹೋಯ್ತು. ಕೊಡಗಿಗೆ ಅಂತ ಇದ್ದ ಒಬ್ಬ ಎಂಪಿ ಕೂಡ ಇಲ್ಲ, ಮೊದಲು ಮಂಗಳೂರಿನ ಜೊತೆ, ಈಗ ಮೈಸೂರಿನ ಜೊತೆ. ಕ್ಷೇತ್ರ ಕಳಕೊಂಡ ನೋವು ಎಲ್ಲರೂ ಹೇಳ್ತಾರೆ, ಮೀಸಲು ಕ್ಷೇತ್ರ ಕಳಕೊಂಡ ನೋವನ್ನ ನಾವೇ ಹೇಳ್ಕೋಬೇಕು.

ನಾನೂ ಒಂದು ಕಾಲದಲ್ಲಿ ಆ ಕಡೆ ಇದ್ದವನೇ. ತೊಂಬತ್ತರ ದಶಕದ ಕೊನೆಗೆ, ಬಿಎ ಓದುವಾಗ, ಪ್ರತ್ಯೇಕ ರಾಜ್ಯದ ಒಂದು ಮೆರವಣಿಗೆಯಲ್ಲಿ ಗಂಟಲು ಹರಿಯೋ ಹಾಗೆ ಕೂಗಿದ್ದೆ. ಚಿಕ್ಕ ರಾಜ್ಯ ಆದ್ರೆ ಕೆಲಸ ಸಿಗುತ್ತೆ ಅಂತ ನಂಬಿದ್ದೆ. ಮೆರವಣಿಗೆ ಮುಗಿದ ಮೇಲೆ ಭಾಷಣ ಮಾಡಿದವರೊಬ್ಬರ ಹತ್ತಿರ ಹೋಗಿ ಕೇಳಿದೆ, "ಸಾರ್, ರಾಜ್ಯ ಬಂದ್ರೆ ಲೈನ್‌ಮನೆಯವರಿಗೆ ಸ್ವಂತ ಜಾಗ ಸಿಗುತ್ತಾ?" "ಮೊದಲು ರಾಜ್ಯ ಬರ್ಲಿ ಮಾರಾಯಾ, ಆಮೇಲೆ ನೋಡುವ" ಅಂದರು. ವರ್ಷಗಳ ಮೇಲೆ ಕನ್ನಡಪರ ಸಭೆಯೊಂದರಲ್ಲಿ ಇದೇ ಪ್ರಶ್ನೆ ಎತ್ತಿದೆ. "ಇದು ನಾಡು ನುಡಿ ವೇದಿಕೆ, ಜಾಗದ ವಿಷಯ ಆಮೇಲೆ" ಅಂದರು. ಎರಡು ಬಾವುಟ, ಉತ್ತರ ಒಂದೇ.

ಹಾಗಂತ ಕರ್ನಾಟಕಕ್ಕೆ ಸೇರಿ ನಮಗೆ ಏನೂ ಸಿಗಲಿಲ್ಲ ಅಂತ ಹೇಳಿದ್ರೆ ಅದು ಸುಳ್ಳಾಗುತ್ತೆ. ದೇವರಾಜ ಅರಸು ಕಾಲದ ಭೂಸುಧಾರಣೆ ಬಂತು. ಮಂಜೂರಾದ ದಲಿತರ ಜಮೀನು ಪರಭಾರೆ ಆಗದ ಹಾಗೆ 1978ರ ಪಿಟಿಸಿಎಲ್ ಕಾಯ್ದೆ ಬಂತು. ಹಾಸ್ಟೆಲ್ ಬಂತು, ನಾನು ಓದಿದ್ದೇ ಅದರಿಂದ. ಎಲ್ಲಕ್ಕಿಂತ ಹೆಚ್ಚಾಗಿ ದಲಿತ ಸಂಘರ್ಷ ಸಮಿತಿ ಬಂತು. ಭದ್ರಾವತಿ, ಮೈಸೂರು, ಕೋಲಾರದ ನಮ್ಮವರ ಕನ್ನಡ ನಮ್ಮ ಲೈನ್‌ಮನೆಗೂ ತಲುಪಿತು. ಒಂಟಿ ಜಿಲ್ಲೆಯಾಗಿ ಉಳಿದಿದ್ದರೆ ಆ ಧೈರ್ಯ ನಮಗೆ ಎಲ್ಲಿಂದ ಬರ್ತಿತ್ತು?

ಆದರೆ ಭೂಸುಧಾರಣೆಯ ಒಳಗೆ ಒಂದು ಬಾಗಿಲು ಮುಚ್ಚಿತ್ತು. ಕಾಫಿ, ಟೀ, ರಬ್ಬರ್, ಏಲಕ್ಕಿ ತೋಟಗಳಿಗೆ ಆ ಕಾಯ್ದೆಯ 104ನೇ ಕಲಮಿನಲ್ಲೇ ವಿನಾಯಿತಿ. ಉಳುವವನಿಗೆ ಭೂಮಿ ಅಂದ್ರು, ಆದರೆ ಗೇಣಿದಾರನಿಗೆ ಮಾತ್ರ. ಕೂಲಿಯವನು ಗೇಣಿದಾರ ಅಲ್ಲ. ಕೊಡಗಲ್ಲಿ ನಮ್ಮವರು ಬಹುಪಾಲು ಕೂಲಿಯವರು, ದುಡಿದಿದ್ದು ಬಹುಪಾಲು ಕಾಫಿ ತೋಟದಲ್ಲಿ. ಎರಡೂ ಕಡೆಯಿಂದ ಹೊರಗೆ.

ಅದರ ಫಲ 2016ರ ಡಿಸೆಂಬರ್ 7ರಂದು ದಿಡ್ಡಳ್ಳಿಯಲ್ಲಿ ಕಂಡಿತು. ಲೈನ್‌ಮನೆ ಬಿಟ್ಟು ಬಂದು ಕಾಡಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದ 577 ಆದಿವಾಸಿ ಕುಟುಂಬಗಳ ಮನೆಗಳನ್ನು ಕೆಡವಿ ಹಾಕಿದರು. ಅವರು ಅಲ್ಲೇ ಮರದ ಕೆಳಗೆ ಕೂತು ಹೋರಾಡಿದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಜಾಗ ಕೊಟ್ಟರು. ಅದಾಗಿ ಆರು ವರ್ಷಕ್ಕೆ, 2022ರಲ್ಲಿ, ಅದೇ ವಿಧಾನಸಭೆ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದು, ಒತ್ತುವರಿಯಾದ ಸರ್ಕಾರಿ ಜಮೀನನ್ನು ತೋಟದ ಬೆಳೆಯವರಿಗೆ 25 ಎಕರೆ ತನಕ 30 ವರ್ಷ ಗುತ್ತಿಗೆಗೆ ಕೊಡಬಹುದು ಅಂತು. ಗುಡಿಸಲು ಹಾಕಿದರೆ ಒತ್ತುವರಿ, ಜೆಸಿಬಿ. ಕಾಫಿ ಹಾಕಿದರೆ ಗುತ್ತಿಗೆ. ಈ ಲೆಕ್ಕ ಯಾವ ರಾಜ್ಯ ಬಂದರೆ ಬದಲಾಗುತ್ತೆ ಅಂತ ಎರಡೂ ಕಡೆಯವರು ಹೇಳಲಿ.

ಈಗ ಪ್ರತ್ಯೇಕ ರಾಜ್ಯದ ಜಾಗದಲ್ಲಿ ಸ್ವಾಯತ್ತತೆಯ ಮಾತು ಜೋರಾಗಿದೆ. ಕೊಡವ ನ್ಯಾಷನಲ್ ಕೌನ್ಸಿಲ್ ಕೊಡವಲ್ಯಾಂಡ್ ಕೇಳ್ತಿದೆ, ಕೊಡವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಕೇಳ್ತಿದೆ. ಬಾಬಾಸಾಹೇಬರು ಚಿಕ್ಕ ರಾಜ್ಯಗಳ ಪರ ಇದ್ದರು ಅಂತ ಕೆಲವರು ನನಗೇ ಪಾಠ ಹೇಳ್ತಾರೆ. ಹೌದು, ಇದ್ದರು. 1955ರಲ್ಲಿ ಭಾಷಾವಾರು ರಾಜ್ಯಗಳ ಬಗ್ಗೆ ಬರೆಯುವಾಗ ದೊಡ್ಡ ರಾಜ್ಯಗಳನ್ನ ಒಡೆಯಿರಿ ಅಂದರು. ಯಾಕೆ? ಒಂದು ದೊಡ್ಡ ಜಾತಿ ಇಡೀ ರಾಜ್ಯ ಹಿಡಿದು ಚಿಕ್ಕ ಜಾತಿಗಳನ್ನ ತುಳಿಯಬಾರದು ಅಂತ. ಅವರ ಅಳತೆಗೋಲು ನಕ್ಷೆಯ ಗಾತ್ರ ಅಲ್ಲ, ಯಾರ ಕೈಕೆಳಗೆ ಯಾರು ಬದುಕಬೇಕಾಗುತ್ತೆ ಅನ್ನೋದು. 2011ರ ಜನಗಣತಿ ಪ್ರಕಾರ ಕೊಡಗಿನಲ್ಲಿ ಪರಿಶಿಷ್ಟ ಜಾತಿ ನೂರಕ್ಕೆ ಸುಮಾರು 13, ಪರಿಶಿಷ್ಟ ಪಂಗಡ ಸುಮಾರು 10. ಹತ್ತಿರ ಹತ್ತಿರ ಕಾಲು ಭಾಗ. ಆ ಕಾಲು ಭಾಗಕ್ಕೆ ಕೊಡವಲ್ಯಾಂಡಿನಲ್ಲಿ ಏನು ಸ್ಥಾನ? ಎರವರ, ಜೇನುಕುರುಬರ ಮೀಸಲಾತಿಯ ಪಾಲು ಏನಾಗುತ್ತೆ? ಕೊಡವ ತಕ್ಕ್ ಮಾತಾಡಿದರೂ ಐನ್‌ಮನೆಯ ಅಂಗಳದಲ್ಲೇ ನಿಲ್ಲಬೇಕಾದ ಕೆಂಬಟ್ಟಿಯವರು ಯಾವ ಲೆಕ್ಕಕ್ಕೆ?

ನಮ್ಮ ಸಂವಿಧಾನದಲ್ಲಿ ಜನಮತಗಣನೆಗೆ ಅವಕಾಶವೇ ಬರೆದಿಲ್ಲ. 3ನೇ ವಿಧಿ ಪ್ರಕಾರ ಪಾರ್ಲಿಮೆಂಟು ರಾಜ್ಯದ ಗಡಿ ಬದಲಾಯಿಸಬಹುದು, ರಾಜ್ಯದ ಶಾಸಕಾಂಗದ ಅಭಿಪ್ರಾಯ ಕೇಳಿದರೆ ಸಾಕು. ಗೋವಾ ಒಂದು ಅಪವಾದ. ಆದ್ದರಿಂದ ನಾಳೆಯೇ ಓಟು ನಡೆಯುತ್ತೆ ಅಂತ ಯಾರೂ ಕಾಯಬೇಡಿ. ಆದರೂ ಆ ಹುಡುಗನ ಪ್ರಶ್ನೆಗೆ ಉತ್ತರ ಕೊಡಬೇಕು.

ತಮ್ಮಾ, ಇವತ್ತೇ ಓಟಿಟ್ಟರೆ ನಮ್ಮವರಲ್ಲಿ ಬಹಳ ಜನ ಕರ್ನಾಟಕ ಅಂತಾರೆ ಅಂತ ನನ್ನ ಅಂದಾಜು. ಕರ್ನಾಟಕದ ಮೇಲಿನ ಪ್ರೀತಿಗಿಂತ ತೋಟದ ಗೇಟಿನ ಮೇಲಿನ ಭಯ ಅದಕ್ಕೆ ಕಾರಣ. ದೂರದ ಬೆಂಗಳೂರಿನಲ್ಲಿ ಒಬ್ಬ ಅಧಿಕಾರಿಗೆ ಅರ್ಜಿ ಹಾಕಬಹುದು, ಪಕ್ಕದ ಸಾಹುಕಾರರೇ ಸರ್ಕಾರ ಆದರೆ ಎಲ್ಲಿಗೆ ಹಾಕೋದು? ಆದರೆ ಕೊಡಗು ರಾಜ್ಯ ಬಂದರೆ ಪ್ರತಿ ಲೈನ್‌ಮನೆ ಕುಟುಂಬಕ್ಕೂ ಹಕ್ಕುಪತ್ರ ಅಂತ ಐರ್ಲೆಂಡಿನ ಥರ ಬರಹದಲ್ಲಿ ಕೊಟ್ಟು ನೋಡಿ, ನಮ್ಮವರ ಮನಸ್ಸು ಎಷ್ಟು ಬೇಗ ಬದಲಾಗುತ್ತೆ ಅಂತ. ಅದನ್ನ ಚಂಚಲತೆ ಅಂತ ಯಾರೂ ಕರೀಬೇಡಿ. ನಮ್ಮ ಮನಸ್ಸು ಜಾಗದ ಮೇಲೇ ಇತ್ತು, 1952ರಲ್ಲೂ.

ನಾನು ಗುಮಾಸ್ತ. ದಿನಾ ಅರ್ಜಿ ನೋಡ್ತೀನಿ. ನಮೂನೆಯಲ್ಲಿ ಕಾಲಂ ಇಲ್ಲದ ವಿಷಯವನ್ನ ಬಡವರು ಅಂಚಿನಲ್ಲಿ ಬರೆದಿರ್ತಾರೆ, "ಸ್ವಾಮಿ, ಮನೆ ಇಲ್ಲ" ಅಂತ. ಅದು ಯಾವ ಲೆಕ್ಕಕ್ಕೂ ಸೇರಲ್ಲ. ಹಾಗಾಗಿ ಮತ್ತೊಮ್ಮೆ ಕೇಳಬೇಕು ಅನ್ನೋರಿಗೂ, ಕೇಳಬಾರದು ಅನ್ನೋರಿಗೂ ನನ್ನ ಮೂರು ಮಾತು:

ಒಂದು, ಮೊದಲು ಲೈನ್‌ಮನೆಯಲ್ಲಿರುವವರಿಗೆ ಸ್ವಂತ ನಿವೇಶನ, ಹಕ್ಕುಪತ್ರ. ವಾಸದ ಚೀಟಿಗೂ ರೇಷನ್ ಕಾರ್ಡಿಗೂ ತೋಟದವರ ಮುಖ ನೋಡಬೇಕಾದವನ ಓಟು ಸ್ವತಂತ್ರ ಓಟಲ್ಲ.

ಎರಡು, ಓಟು ಯಾರಿಗೆ ಅನ್ನೋದರಲ್ಲಿ ಮೂಲನಿವಾಸಿ, ವಲಸಿಗ ಅಂತ ಹೊಸ ಬೇಲಿ ಬೇಡ. 1952ರಲ್ಲಿ ವಯಸ್ಕರಿಗೆಲ್ಲ ಇದ್ದ ಹಕ್ಕು ಅದಕ್ಕಿಂತ ಕಿರಿದಾಗಬಾರದು.

ಮೂರು, ಯಾವ ರಾಜ್ಯ ಅಂತ ಕೇಳೋ ಚೀಟಿಯಲ್ಲೇ, ಆ ರಾಜ್ಯದಲ್ಲಿ ತೋಟದ ಜಮೀನಿನ ಕಾನೂನು ಏನು ಅಂತ ಬರೆದಿರಬೇಕು.

ಅಜ್ಜಿ ಹೋಗಿ ಹನ್ನೊಂದು ವರ್ಷ ಆಯ್ತು. ಮಣ್ಣು ಮಾಡೋಕೂ ತೋಟದವರ ಒಪ್ಪಿಗೆ ಕೇಳಬೇಕಾಯ್ತು. ಪೂರ್ತಿ ಎಪ್ಪತ್ತು ವರ್ಷ ದುಡಿದ ನೆಲದಲ್ಲಿ ಆರಡಿ.

ನಿಮ್ಮ ಮನೆಯ ಹಿರಿಯರು 1952ರಲ್ಲಿ ಓಟು ಹಾಕಿದ್ದ ನೆನಪು ಹೇಳಿದ್ದರೆ ಕಾಮೆಂಟಿನಲ್ಲಿ ಬರೀರಿ. ಹಿರಿಯರು ಇದ್ದರೆ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ. ಪೂಣಚ್ಚ, ಬೆಳ್ಯಪ್ಪ ಏನಂದರು ಅನ್ನೋದು ಪುಸ್ತಕದಲ್ಲಿದೆ. ನಮ್ಮವರು ಯಾವ ಪೆಟ್ಟಿಗೆಗೆ ಯಾಕೆ ಹಾಕಿದರು ಅನ್ನೋದು ಎಲ್ಲೂ ಇಲ್ಲ.

ಜೈ ಭೀಮ್.